ಕಂಬ ಬಿಟ್ಟು ಅರವತ್ತು ಹೆಜ್ಜೆ

ಇಪ್ಪತ್ತೆರಡು ವರ್ಷದಲ್ಲಿ ಮೇಷ್ಟ್ರು ತೆಗೆದ ಬೆಟ್ಟ, ಬಯಲು, ಕಡಲಿನ ಚಿತ್ರಗಳಲ್ಲಿ ಮುಕ್ಕಾಲು ಪಾಲಿನಲ್ಲಿ ಅವರ ಅಕ್ಕ ಇದ್ದಾಳೆ. ಮುಖ ಮಾತ್ರ ಒಂದರಲ್ಲೂ ಇಲ್ಲ. ಬೆನ್ನು ಇದೆ, ಬೆನ್ನ ಮೇಲೆ ಕೆಂಪು ಕೋಟು ಇದೆ, ಅದೂ ಅಕ್ಕಿಕಾಳಿನಷ್ಟು. ಇದು ಎಂಥ ಅಕ್ಕ-ತಮ್ಮ ಅಂತ ನೀವು ಕೇಳಬಹುದು. ಕೇಳಬೇಕಾದದ್ದೇ. ಆದರೆ ಆ ಮಂಜಿನ ಬೆಳಗಿನವರೆಗೆ ಯಾರೂ ಕೇಳಿರಲಿಲ್ಲ, ಮೇಷ್ಟ್ರೂ ತಮ್ಮನ್ನು ತಾವು ಕೇಳಿಕೊಂಡಿರಲಿಲ್ಲ.

ಮೇಷ್ಟ್ರು ಎಂದರೆ ಮಗ್ಗಿ ಹೇಳಿಕೊಡುವವರಲ್ಲ. ಊರೂರು ಸುತ್ತುವವರಿಗೆ ಒಳ್ಳೆಯ ಫೋಟೋ ತೆಗೆಯುವುದನ್ನು ಕಲಿಸುವವರು. ಮನೆಯ ಮುಂದಿನ ಕೋಣೆಯಲ್ಲಿ ಎಂಟು ಕುರ್ಚಿ, ಗೋಡೆಗೆ ಬಿಳಿ ಪರದೆ, ಕೈಯಲ್ಲೊಂದು ಬೆತ್ತ. ಖಾಲಿ ಬೆಟ್ಟದ ಚಿತ್ರ ತೋರಿಸಿ, ಇದು ಬೆಟ್ಟವೋ ಮನೆ ಕಟ್ಟುವವರು ಬೀದಿಗೆ ಸುರಿದ ಜಲ್ಲಿಯ ರಾಶಿಯೋ ಹೇಳಿ ನೋಡೋಣ ಎಂದು ಕೆಣಕುವರು. ಯಾರಿಗೂ ಹೇಳಲು ಬರುತ್ತಿರಲಿಲ್ಲ. ಆಮೇಲೆ ಅದೇ ಬೆಟ್ಟ, ಬುಡದಲ್ಲೊಂದು ಕೆಂಪು ಚುಕ್ಕೆ. ಎಂಟೂ ಜನ ಅಬ್ಬಾ ಎನ್ನುವರು. ಚುಕ್ಕೆ ನಟ್ಟನಡುವೆ ಇರಬಾರದು, ಚಿತ್ರವನ್ನು ಮೂರು ಪಾಲು ಮಾಡಿದರೆ ಒಂದು ಪಾಲಿನ ಗೆರೆಯ ಮೇಲಿರಬೇಕು, ಅದರ ಸುತ್ತ ಖಾಲಿ ಬಿಡಬೇಕು, ಅದರ ತಲೆಯಿಂದ ಮರವೋ ಕಂಬವೋ ಹುಟ್ಟಿದಂತೆ ಕಾಣಬಾರದು, ಮುಖವಂತೂ ಕಾಣಲೇಬಾರದು. ಮುಖ ಕಂಡರೆ ನೋಡುವವರ ಕಣ್ಣು ಅಲ್ಲೇ ಅಂಟಿಕೊಳ್ಳುತ್ತದೆ, ಆಮೇಲೆ ಬೆಟ್ಟವನ್ನು ಕೇಳುವವರೇ ಇಲ್ಲ ಎನ್ನುವುದು ಮೇಷ್ಟ್ರ ವಾದ.

ಆ ಚುಕ್ಕೆಯೇ ಅಕ್ಕ. ಮೇಷ್ಟ್ರಿಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ತಾಯಿ ತೀರಿಹೋದಾಗ ಮೇಷ್ಟ್ರಿಗೆ ಮೂರು ವರ್ಷ. ಎತ್ತಿ ಆಡಿಸಿದವಳು, ಉಣಿಸಿದವಳು, ಹೊಡೆದವಳು, ಆಮೇಲೆ ತಾನೇ ಅತ್ತವಳು ಎಲ್ಲ ಇವಳೇ. ಹೊಲಿಗೆ ಅವಳ ಕಸುಬು. ಕೆಂಪು ಕೋಟನ್ನು ಡೇರೆಯ ಬಟ್ಟೆಯಲ್ಲಿ ತಾನೇ ಹೊಲಿದುಕೊಂಡಿದ್ದಳು, ಎರಡು ಕಡೆ ಚೀಲದಂಥ ಜೇಬು ಇಟ್ಟು. ಶಿಷ್ಯರು ಅವಳನ್ನು ಅಕ್ಕಿಕಾಳಕ್ಕ ಎಂದು ಕರೆದರೆ ಬೇಜಾರಿಲ್ಲ. ಅರವತ್ತು ದಾಟಿದ ಮೇಲೆ ನಾನು ಸಣ್ಣಗಾಗಿರೋದು ಇವನ ಫೋಟೋದಲ್ಲಿ ಮಾತ್ರ ಎಂದು ಅವಳೇ ನಗಿಸುವಳು.

ಒಂದೇ ಒಂದು ಸಲ ಎಡವಟ್ಟಾಗಿತ್ತು. ಎಂಟು ವರ್ಷದ ಹಿಂದೆ, ಒಂದು ಮರಳುಗಾಡಿನಲ್ಲಿ. ಗಾಳಿ ನುಣ್ಣಗೆ ಬಾಚಿಟ್ಟಂತಿದ್ದ ದಿಬ್ಬದ ಆಚೆ ಅಕ್ಕನನ್ನು ನಿಲ್ಲಿಸಿದ್ದರು. ಬಾಯಾರಿಕೆ ತಡೆಯಲಾರದೆ ಅವಳು ಮೊದಲೇ ಹೊರಟು, ದಿಬ್ಬದ ಮೇಲೆ ನೆಟ್ಟಗೆ ಕ್ಯಾಮರಾದ ಕಡೆಗೇ ನಡೆದುಬಂದಳು. ಹೆಜ್ಜೆ ಗುರುತು ಬಿದ್ದು ಇಡೀ ದಿಬ್ಬ ಹಾಳು. ಆರು ಜನ ಶಿಷ್ಯರ ಎದುರಿಗೆ ಮೇಷ್ಟ್ರು, ನಿನಗೆ ಹೇಳಿದ್ದು ಒಂದೇ ಕೆಲಸ, ನಿಲ್ಲೋದು, ಅದೂ ಬರಲ್ವಾ ಎಂದುಬಿಟ್ಟರು. ಅಕ್ಕ ತಪ್ಪು ಮಾಡಿದ ಮಗುವಿನ ಹಾಗೆ ತಲೆ ಎತ್ತಿ ತಮ್ಮನನ್ನು ನೋಡಿದಳು. ಆವತ್ತಿನಿಂದ ಒಂದು ಪದ್ಧತಿಯಾಯಿತು. ಮೇಷ್ಟ್ರ ಹತ್ತಿರ ಬೆಳಕು ಹಾಯಿಸಲು ಮೊರದಗಲದ ಒಂದು ಬಿಳಿ ತಟ್ಟೆ ಇತ್ತು. ತಟ್ಟೆಯನ್ನು ಎತ್ತಿ ಕಟ್ಟಿದ್ದರೆ ನಿಲ್ಲಬೇಕು, ಕೆಳಗಿಳಿಸಿದರೆ ಬರಬಹುದು. ಅಲ್ಲಿಯವರೆಗೆ ಆಗಾಗ ಕತ್ತು ತಿರುಗಿಸಿ ತಟ್ಟೆ ನೋಡಿಕೊಳ್ಳಬೇಕೇ ಹೊರತು ಕಾಲು ಕೀಳಬಾರದು. ಸಿಳ್ಳೆ ಹೊಡೆದು ಕರೆಯೋಣವೆಂದರೆ ಅಕ್ಕನ ಕಿವಿ ಮಂದವಾಗಿತ್ತು. ಬಯಲಿನ ಗಾಳಿಗೆ ಕಿವಿಯ ಮಿಷನ್ನು ಕುಂಯ್ಯೋ ಎನ್ನುತ್ತದೆಂದು ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡೇ ನಿಲ್ಲುವಳು. ಈ ಎಂಟು ವರ್ಷದಲ್ಲಿ ಅವಳು ಒಂದು ಸಲವೂ ಪದ್ಧತಿ ತಪ್ಪಿಸಿರಲಿಲ್ಲ.

ಆ ಬೆಳಿಗ್ಗೆ ಶಿಷ್ಯರಿರಲಿಲ್ಲ, ಇಬ್ಬರೇ. ಪ್ರವಾಸದಲ್ಲಿ ಚಿತ್ರ ತೆಗೆಯುವುದರ ಬಗ್ಗೆ ಮೇಷ್ಟ್ರು ಬರೆದ ಪುಸ್ತಕ ಅಚ್ಚಿಗೆ ಹೋಗುವುದರಲ್ಲಿತ್ತು, ರಕ್ಷಾಪುಟಕ್ಕೆ ಚಿತ್ರ ಬೇಕಿತ್ತು. ಲಾಡ್ಜಿನ ಕೋಣೆಯಲ್ಲಿ ಎರಡು ಮಂಚದ ನಡುವೆ ಒಂದು ಆಳು ಕಷ್ಟಪಟ್ಟು ನಿಲ್ಲುವಷ್ಟೇ ಜಾಗ. ಅಲ್ಲೇ ಕೂತು ಅಕ್ಕ ಮಂಡಿಗೆ ಪಟ್ಟಿ ಸುತ್ತಿಕೊಂಡಳು, ಜೇಬಿಗೆ ಪೆಪ್ಪರಮೆಂಟು ತುಂಬಿಕೊಂಡಳು. ಮಂಡಿ ಹೇಗಿದೆ ಎಂದು ಮೇಷ್ಟ್ರು ಕೇಳಲಿಲ್ಲ. ಬ್ಯಾಟರಿ ಎಣಿಸುತ್ತಿದ್ದರು.

ಜಾಗವೇನೋ ಅದ್ಭುತ. ಇಳಿತದ ಹೊತ್ತಿಗೆ ಕಡಲು ಕಣ್ಣಿಗೆ ಕಾಣದಷ್ಟು ಹಿಂದೆ ಸರಿದು, ಮೈಲಿಗಟ್ಟಲೆ ಒದ್ದೆ ಮರಳು ಕನ್ನಡಿಯ ಹಾಗೆ ಮಲಗಿರುತ್ತದೆ. ಚಿಪ್ಪು ಆಯುವವರು ದಾರಿ ತಪ್ಪಬಾರದೆಂದು ದಡದಿಂದ ಒಳಗಿನವರೆಗೆ ಒಂದು ಸಾಲು ಮರದ ಕಂಬ ನೆಟ್ಟಿದ್ದಾರೆ, ಪ್ರತಿಯೊಂದಕ್ಕೂ ಸುಣ್ಣದಲ್ಲಿ ನಂಬರು. ಆ ಕಂಬಗಳನ್ನು ನೋಡಿಕೊಳ್ಳುವ ಮುದುಕರೊಬ್ಬರು ದಡದ ಏರಿಯ ಮೇಲೆ ತಗಡಿನ ಗೂಡಿನಲ್ಲಿ ಕೂತಿರುತ್ತಾರೆ. ಎಲ್ಲರಿಗೂ ಅವರು ಕಂಬದಜ್ಜ. ಮೇಷ್ಟ್ರು ಕ್ಯಾಮರಾ ನಿಲ್ಲಿಸುವ ಮೂರುಕಾಲು ಸ್ಟ್ಯಾಂಡನ್ನು ಹೊತ್ತು ಹೋಗುವುದನ್ನು ನೋಡಿ ಅವರೇ ಎದ್ದುಬಂದು ಹೇಳಿದರು.

"ಹತ್ತೂವರೆಗೆ ನೀರು ತಿರುಗುತ್ತೆ ಸಾರ್. ಎದುರಿಂದ ಬರುತ್ತೆ ಅಂತ ನೋಡ್ತಾ ನಿಂತ್ಕೋಬೇಡಿ, ಅದು ತಗ್ಗಿನಲ್ಲಿ ಹರಿದು ಹಿಂದಿಂದ ಬರುತ್ತೆ. ಏನಾದ್ರೂ ಆಗ್ಲಿ, ಕಂಬ ಬಿಟ್ಟು ಆಚೀಚೆ ಹೋಗ್ಬೇಡಿ."

ಮೇಷ್ಟ್ರು ಆಗಲಿ ಎಂದು ತಲೆಯಾಡಿಸಿದರು. ತಲೆಯಾಡಿಸುವುದಕ್ಕೇನು, ಬಸವನೂ ಆಡಿಸುತ್ತಾನೆ. ಅಕ್ಕ ಕಂಬದ ಸಾಲು ಹಿಡಿದು ಹತ್ತೊಂಬತ್ತನೆಯದರವರೆಗೆ ನಡೆದು ಬೆನ್ನು ತಿರುಗಿಸಿ ನಿಂತಳು. ಏರಿಯ ಮೇಲಿಂದ ಉದ್ದ ಲೆನ್ಸಿನಲ್ಲಿ ನೋಡಿದರೆ ಕಂಬ ನೆಟ್ಟಗೆ ಅವಳ ತಲೆಯಿಂದ ಹುಟ್ಟಿತ್ತು. ಎಂಟು ಕುರ್ಚಿಯವರಿಗೆ ಸಾವಿರ ಸಲ ಹೇಳಿದ ತಪ್ಪು! ಅವಳು ತಿರುಗಿ ನೋಡಿದಾಗ ಮೇಷ್ಟ್ರು ಎಡಗೈ ಚಾಚಿದರು. ಅಕ್ಕ ಹತ್ತು ಹೆಜ್ಜೆ ಎಡಕ್ಕೆ ಹೋದಳು. ಇನ್ನೂ ಚಾಚಿದರು. ಹೀಗೆ ಹತ್ತತ್ತಾಗಿ ಅರವತ್ತು ಹೆಜ್ಜೆ. ಆಗ ಸರಿಹೋಯಿತು. ಬಲಕ್ಕೆ ಕಂಬಗಳ ಸಾಲು ಕಣ್ಣನ್ನು ಕೈಹಿಡಿದು ಒಳಕ್ಕೆ ಕರೆದೊಯ್ಯುತ್ತದೆ, ಎಡಕ್ಕೆ ಬರೀ ಆಕಾಶ ಕುಡಿದ ಮರಳು, ನಡುವೆ ಯಾವ ಆಸರೆಯೂ ಇಲ್ಲದೆ ಒಂದು ಕೆಂಪು ಕಾಳು. ಮೇಷ್ಟ್ರು ಬಿಳಿ ತಟ್ಟೆಯನ್ನು ಕೋಲಿಗೆ ಕಟ್ಟಿ ನಿಲ್ಲಿಸಿದರು. ಗಂಟೆ ಹತ್ತು ದಾಟಿತ್ತು.

ಇಪ್ಪತ್ತು ಚಿತ್ರ ತೆಗೆದರು. ಅದರಲ್ಲಿ ನಾಲ್ಕಂತೂ ರಕ್ಷಾಪುಟಕ್ಕೆ ಧಾರಾಳವಾಗಿ ಸಾಕಿತ್ತು. ಅಷ್ಟಕ್ಕೆ ತಟ್ಟೆ ಇಳಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ದೂರದಲ್ಲಿ ಕಡಲಿನ ಮೇಲೆ ತೆಳ್ಳಗೆ ಮಂಜು ಏಳುತ್ತಿರುವುದು ಕಾಣಿಸಿತು. ಅದು ಅಕ್ಕನ ಆಚೆ ಕಾಣುತ್ತಿದ್ದ ಮರಳಿನ ದಿಬ್ಬವನ್ನು ಅಳಿಸಿಬಿಟ್ಟರೆ ಚಿತ್ರ ಇನ್ನೂ ಖಾಲಿಯಾಗುತ್ತದೆ, ಕೆಂಪು ಇನ್ನೂ ಎದ್ದು ಕಾಣುತ್ತದೆ, ಇನ್ನೈದು ನಿಮಿಷ ಅಂದುಕೊಂಡರು. ಅತಿ ಆಸೆ ಗತಿಗೇಡು ಎಂದು ಸುಮ್ಮನೆ ಹೇಳಿದ್ದಾರೆಯೇ? ಮಂಜು ದಿಬ್ಬ ಅಳಿಸಿತು. ಮೂವತ್ತನೆಯ ಕಂಬ ಅಳಿಸಿತು, ಇಪ್ಪತ್ತೈದನೆಯದು ಅಳಿಸಿತು. ಕೋಟಿನ ಕೆಂಪು ಗುಲಾಬಿಯಾಯಿತು, ಬೂದಿಯಾಯಿತು, ಆಮೇಲೆ ಇಲ್ಲ. ಮೇಷ್ಟ್ರು ಅಭ್ಯಾಸಬಲದಿಂದ ಇನ್ನೂ ಎರಡು ಸಲ ಗುಂಡಿ ಒತ್ತಿದರು. ಆಮೇಲೆ, ಸಾಕು, ಬರಲಿ ಎಂದು ತಟ್ಟೆಯನ್ನು ಬಿಚ್ಚಿ ಕೆಳಗಿಟ್ಟರು.

ಇಟ್ಟ ಮೇಲೆ ಹೊಳೆಯಿತು. ಯಾರಿಗೆ ಕಾಣಲಿ ಎಂದು ಇಳಿಸಿದ್ದು?

ಅಕ್ಕನ ಕಣ್ಣಿಗೆ ತಟ್ಟೆ ಕಾಣುವುದಿಲ್ಲ. ಕೊನೆಯ ಸಲ ನೋಡಿದಾಗ ಅದು ಮೇಲಿತ್ತು. ಅಂದಮೇಲೆ ಅವಳು ಬರುವುದಿಲ್ಲ. ನೀರು ಬಂದರೂ ಬರುವುದಿಲ್ಲ. ಮೇಷ್ಟ್ರಿಗೆ ಇದು ಸೂರ್ಯ ಮೂಡುವಷ್ಟು ಖಚಿತವಾಗಿ ಗೊತ್ತಿತ್ತು, ಯಾಕೆಂದರೆ ಕಲಿಸಿದವರು ಅವರೇ. ಅಕ್ಕಾ ಎಂದು ಕೂಗಿದರು. ಮತ್ತೆ ಕೂಗಿದರು. ಕಿವಿಯ ಮಿಷನ್ನು ಅವಳ ಜೇಬಿನಲ್ಲಿದೆ ಎಂಬುದು ನೆನಪಾಗಿ ಕೂಗುವುದನ್ನು ನಿಲ್ಲಿಸಿದರು. ಮಂಜಿನೊಳಗಿಂದ ಸರಸರ ಸದ್ದು ಕೇಳಿಬಂತು, ಒಣ ಎಲೆಯ ಮೇಲೆ ಯಾರೋ ಸೀರೆ ಎಳೆದುಕೊಂಡು ಹೋದಂತೆ. ಅದು ನೀರು. ಗಡಿಯಾರ ನೋಡಿದರು. ಹತ್ತು ನಲವತ್ತು.

ಗೂಡಿನವರೆಗೆ ಓಡಿದ್ದು ಹೇಗೋ ಅವರಿಗೇ ತಿಳಿಯದು. ವಿಷಯ ಕೇಳಿ ಕಂಬದಜ್ಜ ಒಂದೇ ಮಾತು ಕೇಳಿದರು, ಕಂಬದ ಹತ್ತಿರ ಇದ್ದಾರೆ ತಾನೇ ಎಂದು. ಅರವತ್ತು ಹೆಜ್ಜೆ ಎಡಕ್ಕೆ ಎಂದರು ಮೇಷ್ಟ್ರು. ಮುದುಕರು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೊಳೆಗೆ ನೇತುಹಾಕಿದ್ದ ಹಗ್ಗ ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಲೇ ರಕ್ಷಣಾ ದೋಣಿಯವರಿಗೆ ಫೋನು ಹಚ್ಚಿ ಮೇಷ್ಟ್ರ ಕೈಗೆ ಕೊಟ್ಟರು. ಆ ಕಡೆ ಒಬ್ಬ ಹೆಂಗಸು. ದೋಣಿ ಬರಲು ಮುಕ್ಕಾಲು ಗಂಟೆ ಎಂದಳು. ವಯಸ್ಸು, ಎತ್ತರ, ಬಟ್ಟೆಯ ಬಣ್ಣ ಬರೆದುಕೊಂಡಳು. ಮುಖ ಕಾಣುವ ಒಂದು ಫೋಟೋ ಈಗಲೇ ಕಳಿಸಿ, ದಡದ ಎಲ್ಲ ಠಾಣೆಗೂ ಹಾಕುತ್ತೇವೆ ಎಂದಳು.

ಮೇಷ್ಟ್ರು ತಮ್ಮ ಫೋನು ತೆಗೆದು ಬೆರಳಿನಿಂದ ಸರಿಸತೊಡಗಿದರು. ಬೆನ್ನು. ಬೆನ್ನು. ಬೆಟ್ಟದ ಬುಡದಲ್ಲಿ ಬೆನ್ನು, ಸೇತುವೆಯ ಮೇಲೆ ಬೆನ್ನು, ಹಿಮದಲ್ಲಿ ಬೆನ್ನು. ಎರಡು ಬೆರಳಿನಿಂದ ಹಿಗ್ಗಿಸಿದರೆ ಕೆಂಪು ಚೌಕದ ತುಣುಕುಗಳು. ಆಯ್ತಾ ಸರ್, ಸಿಕ್ತಾ ಎಂದಳು ಆ ಹೆಂಗಸು. ಅಕ್ಕನ ಕೆನ್ನೆಯ ಮೇಲೆ ಒಂದು ಮಚ್ಚೆ ಇದೆ ಎಂದು ಹೇಳಹೊರಟರು. ಎಡಗೆನ್ನೆಯೋ ಬಲಗೆನ್ನೆಯೋ ಹೊಳೆಯಲಿಲ್ಲ. ನಿನ್ನೆ ರಾತ್ರಿ ಎದುರೆದುರು ಕೂತು ಊಟ ಮಾಡಿದ್ದಾರೆ. ಐವತ್ತೆರಡು ವರ್ಷ ಒಂದೇ ಮನೆಯಲ್ಲಿದ್ದಾರೆ. ಆದರೂ ಆ ಮುಖ ಕಣ್ಣಿಗೆ ಕಟ್ಟಲಿಲ್ಲ, ಮಂಜು ಅಲ್ಲಿಗೂ ನುಗ್ಗಿದ ಹಾಗೆ. ಫೋಟೋ ಇಲ್ಲ ಎಂದಷ್ಟೇ ಹೇಳಿ ಫೋನು ಇಟ್ಟರು.

ಇಬ್ಬರೂ ಕಂಬ ಹಿಡಿದು ಹೊರಟರು. ಒಂದು ಕಂಬದ ಹತ್ತಿರ ನಿಂತರೆ ಇನ್ನೊಂದು ಕಾಣುತ್ತಿರಲಿಲ್ಲ. ಕಂಬದಜ್ಜ ಕುರುಡನಂತೆ ಕೈ ಚಾಚಿ, ಎಣಿಸಿದ ಹೆಜ್ಜೆಯ ಮೇಲೆ ನಡೆದು ಒಂದೊಂದನ್ನೂ ಮುಟ್ಟುತ್ತ ನಂಬರು ಹೇಳುತ್ತಿದ್ದರು. ಎಂಟನೆಯ ಕಂಬದಲ್ಲಿ ನೀರು ಪಾದ ಮುಟ್ಟಿತು. ಹದಿಮೂರರಲ್ಲಿ ಮೀನಖಂಡ. ಎಂಥ ತಣ್ಣಗಿನ ನೀರೆಂದರೆ ಮೂಳೆಯೊಳಗೆ ಸೂಜಿ ಆಡಿಸಿದಂತೆ. ಅಕ್ಕ ಚಿತ್ರದಲ್ಲಿ ಹೆಜ್ಜೆ ಗುರುತು ಕಾಣದಂತೆ ಕಂಬದ ಬುಡಕ್ಕೇ ಅಂಟಿಕೊಂಡು ನಡೆದಿದ್ದಳು. ಬಿದ್ದಿದ್ದ ಒಂದೆರಡನ್ನೂ ನೀರು ಒರೆಸಿ ಹಾಕಿತ್ತು. ಹತ್ತೊಂಬತ್ತನೆಯ ಕಂಬ ಸಿಕ್ಕಾಗ ನೀರು ಮಂಡಿಯ ಮೇಲಿತ್ತು. ಅಕ್ಕ ತಮ್ಮನಿಗಿಂತ ಗೇಣು ಕುಳ್ಳಿ. ಮೇಷ್ಟ್ರು ಈ ಲೆಕ್ಕ ಬೇಡವೆಂದರೂ ಮನಸ್ಸು ಹಾಕಿಬಿಟ್ಟಿತು.

ಕಂಬದಜ್ಜ ಹಗ್ಗದ ಒಂದು ತುದಿ ಕಂಬಕ್ಕೆ ಸುತ್ತಿ, ಇನ್ನೊಂದನ್ನು ಮೇಷ್ಟ್ರ ಸೊಂಟಕ್ಕೆ ಬಿಗಿದರು.

"ನಲವತ್ತು ಹೆಜ್ಜೆಗೆ ಬರುತ್ತೆ, ಅಷ್ಟೇ ಇರೋದು. ಬಿಚ್ಕೊಂಡು ಮುಂದೆ ಹೋಗಿಬಿಟ್ರೆ, ಒಬ್ಬರನ್ನ ಹುಡುಕೋಕೆ ಬಂದು ಇಬ್ಬರನ್ನ ಹುಡುಕೋ ಹಾಗಾಗುತ್ತೆ. ನಂಗೆ ಅಷ್ಟು ಶಕ್ತಿ ಇಲ್ಲ ಸಾರ್."

ನಲವತ್ತು ಹೆಜ್ಜೆಯ ಹಗ್ಗ, ಅರವತ್ತು ಹೆಜ್ಜೆಯ ದೂರ. ಆಮೇಲೆ ಹೊಳೆಯಿತು, ಅರವತ್ತು ಅಕ್ಕನ ಹೆಜ್ಜೆ. ಮಂಡಿನೋವಿನವಳ ಹೆಜ್ಜೆ, ಸಣ್ಣದು. ಎಷ್ಟು ಸಣ್ಣದು? ಮೇಷ್ಟ್ರಿಗೆ ಗೊತ್ತಿರಲಿಲ್ಲ. ಅವಳು ನಡೆಯುವುದನ್ನು ಲೆನ್ಸಿನಿಂದ ನೋಡಿದ್ದರೇ ಹೊರತು ಇತ್ತೀಚೆಗೆ ಪಕ್ಕದಲ್ಲಿ ನಡೆದವರಲ್ಲ. ಅವರು ಯಾವಾಗಲೂ ಮುಂದೆ ಹೋಗಿ ಮೂರುಕಾಲು ನಿಲ್ಲಿಸುವವರು, ಅವಳು ಹಿಂದಿನಿಂದ ಬರುವವಳು.

ಹಗ್ಗ ಬಿಗಿಯಾಗುವವರೆಗೆ ನಡೆದರು. ಏನೂ ಇಲ್ಲ. ಮೇಲೆ ಬಿಳಿ, ಕೆಳಗೆ ಬಿಳಿ, ಎದುರು ಬಿಳಿ. ಇಷ್ಟು ಖಾಲಿ ಚಿತ್ರವನ್ನು ಅವರು ಜೀವಮಾನದಲ್ಲಿ ಕಂಡಿರಲಿಲ್ಲ. ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡೇ, ಗೂಟಕ್ಕೆ ಕಟ್ಟಿದ ಕರು ಸುತ್ತುವಂತೆ ಕಡಲಿನ ಕಡೆಗೆ ಸುತ್ತತೊಡಗಿದರು. ಮರಳು ಕಾಲಡಿಯಿಂದ ಜಾರುತ್ತಿತ್ತು. ಅಕ್ಕ ಬಿದ್ದಿದ್ದರೆ? ಮಂಡಿ ಕೈಕೊಟ್ಟು ಕೂತುಬಿಟ್ಟಿದ್ದರೆ? ದೇವರೇ, ಅವಳನ್ನೊಂದು ಉಳಿಸು ಎಂದು ಬಾಯಿ ತಾನೇ ಹೇಳುತ್ತಿತ್ತು, ದೇವರ ಕೋಣೆಗೆ ಕಾಲಿಡದ ಮನುಷ್ಯ. ಕಾಲಿಗೆ ಮೆತ್ತಗೆ ಏನೋ ತಾಗಿತು. ಚೀರಿಬಿಟ್ಟರು. ಕಡಲ ಪಾಚಿ.

ಹತ್ತು ಹೆಜ್ಜೆ ಸುತ್ತಿರಬೇಕು. ಬಿಳಿಯೊಳಗೆ ಒಂದು ಕಡೆ ಬಿಳಿ ಅಷ್ಟು ಬಿಳಿಯಾಗಿರಲಿಲ್ಲ. ಇನ್ನೊಂದು ಹೆಜ್ಜೆ ಹಾಕಿದರು, ಗುಲಾಬಿಯಾಯಿತು. ಇನ್ನೊಂದು, ಕೆಂಪಾಯಿತು. ನಾಲ್ಕೈದು ಮಾರು ದೂರದಲ್ಲಿ, ತೊಡೆಯವರೆಗಿನ ನೀರಿನಲ್ಲಿ, ಅಕ್ಕ ನಿಂತಿದ್ದಳು. ಬೆನ್ನು ತಿರುಗಿಸಿ, ಕೈಗಳನ್ನು ಮೈಗೆ ಒತ್ತಿಕೊಂಡು, ತಲೆ ನೆಟ್ಟಗೆ ಇಟ್ಟುಕೊಂಡು. ಹೇಗೆ ನಿಲ್ಲಲು ಹೇಳಿದ್ದರೋ ಹಾಗೇ.

ಮೇಷ್ಟ್ರು ಗಂಟಲು ಹರಿಯುವಂತೆ ಕೂಗಿದರು. ಅವಳು ಅಲುಗಲಿಲ್ಲ. ಮುಂದೆ ಹೋಗೋಣವೆಂದರೆ ಸೊಂಟದ ಹಗ್ಗ ಬಿಡದು, ಮಧ್ಯೆ ತಗ್ಗಿನಲ್ಲಿ ನೀರು ಸುಳಿಯಾಗಿ ಓಡುತ್ತಿತ್ತು. ಗಂಟಿನ ಮೇಲೆ ಕೈ ಹೋಯಿತು. ಮುದುಕರ ಮಾತು ನೆನಪಾಗಿ ನಿಂತಿತು. ತಮ್ಮ ಕೋಟಿನ ಜೇಬು ತಡವಿದರೆ ಸಿಕ್ಕಿದ್ದು ಒಂದೇ, ಬೆಳಿಗ್ಗೆ ಬದಲಾಯಿಸುವಾಗ ಹಾಕಿಕೊಂಡಿದ್ದ ಲೆನ್ಸು. ಅದನ್ನು ಯಾರಾದರೂ ಮುಟ್ಟಿದರೆ ಮೇಷ್ಟ್ರು ಮೂರು ದಿನ ಮಾತು ಬಿಡುವರು. ಹಿಂದುಮುಂದು ನೋಡದೆ ಬೀಸಿ ಎಸೆದರು. ಅಕ್ಕನಿಂದ ಮೊಳ ದೂರದಲ್ಲಿ ದುಡುಂ ಎಂದು ಬಿತ್ತು, ನೀರು ಅವಳ ಕತ್ತಿಗೆ ಎರಚಿತು.

ಅಕ್ಕ ಬೆಚ್ಚಿ ತಿರುಗಿದಳು.

ಮಚ್ಚೆ ಎಡಗೆನ್ನೆಯ ಮೇಲಿತ್ತು. ತುಟಿ ನೀಲಿಗಟ್ಟಿತ್ತು. ಹುಬ್ಬಿನ ಮೇಲೆ, ಬಾಯಿಯ ಎರಡು ಕಡೆ, ಕಣ್ಣಿನ ಕೆಳಗೆ ಇಷ್ಟೊಂದು ಗೆರೆ ಯಾವಾಗ ಬಂದವು? ಅದು ಮುದುಕಿಯ ಮುಖ, ಹೆದರಿದ ಮುಖ. ತಮ್ಮನನ್ನು ಕಂಡು, ಕಿವಿ ಕೇಳದವರು ಮಾತಾಡುವ ಹಾಗೆ ಜೋರಾಗಿ ಅವಳು ಕೇಳಿದ್ದು ಎರಡೇ ಮಾತು.

"ತೆಗೆದಾಯ್ತಾ ಪುಟ್ಟ?"

ಆಯಿತು ಎಂದು ಮೇಷ್ಟ್ರು ಎಷ್ಟು ಕೂಗಿದರೂ ಅವಳು ನಿಂತೇ ಇದ್ದಳು. ಆಗ ಅವರು ಎರಡೂ ಕೈಯನ್ನು ತಲೆಯ ಮೇಲೆ ದುಂಡಗೆ ಹಿಡಿದು, ತಟ್ಟೆ ಇಳಿಸುವ ಹಾಗೆ ನಿಧಾನವಾಗಿ ಕೆಳಗೆ ತಂದರು. ಅಕ್ಕ ಕಾಲು ಕಿತ್ತಳು. ತಗ್ಗಿನಲ್ಲಿ ಸೊಂಟದವರೆಗೆ ಮುಳುಗಿದಳು, ಸುಳಿ ಕೋಟು ಹಿಡಿದು ಎಳೆಯಿತು, ಒಂದು ಗಳಿಗೆ ತಲೆ ಮಾತ್ರ ಕಂಡಿತು. ಮೇಷ್ಟ್ರು ಹಗ್ಗದ ತುದಿಗೆ ಮೈ ಚೆಲ್ಲಿ ತೋಳು ಚಾಚಿದರು. ಬೆರಳಿಗೆ ಸಿಕ್ಕಿದ್ದು ಅವಳ ದೊಡ್ಡ ಜೇಬಿನ ಅಂಚು. ಅಕ್ಕನ ಹೊಲಿಗೆ, ಬಿಚ್ಚಲಿಲ್ಲ. ಇನ್ನೊಂದು ಕೈಯಿಂದ ಹಗ್ಗ ಜಗ್ಗಿದರು, ಆ ತುದಿಯಿಂದ ಮುದುಕರು ಎಳೆದರು.

ಕಂಬ ಹಿಡಿದು ದಡದ ಕಡೆ ಹೊರಡುವ ಹೊತ್ತಿಗೆ ನೀರು ಮೇಷ್ಟ್ರ ಎದೆಮಟ್ಟ ಬಂದಿತ್ತು. ಅಕ್ಕನನ್ನು ಇಬ್ಬರೂ ಎತ್ತಿಕೊಂಡೇ ಬಂದರು.

ತಗಡಿನ ಗೂಡಿನಲ್ಲಿ ಸ್ಟವ್ ಹೊತ್ತಿಸಿ ಕಂಬದಜ್ಜ ಇದ್ದಬದ್ದ ಕಂಬಳಿಯನ್ನೆಲ್ಲ ಅಕ್ಕನಿಗೆ ಸುತ್ತಿದರು. ದೋಣಿಯವರಿಗೆ ಸಿಕ್ಕರು ಎಂದು ತಿಳಿಸಿ, ಏರಿಯ ಮೇಲೆ ಬಿಟ್ಟಿದ್ದ ಕ್ಯಾಮರಾವನ್ನು ತಂದಿಟ್ಟು, ಇಬ್ಬರನ್ನೇ ಬಿಟ್ಟು ಹೊರಗೆ ಹೋದರು. ಅಕ್ಕನ ಹಲ್ಲು ಕಟಕಟ ಎನ್ನುತ್ತಿತ್ತು. ಕಿವಿಯ ಮಿಷನ್ನು ಜೇಬಿನಲ್ಲಿ ಪೆಪ್ಪರಮೆಂಟಿನ ಜೊತೆ ನೆನೆದು ಸತ್ತುಹೋಗಿತ್ತು. ಮೇಷ್ಟ್ರು ಅವಳ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಿದ್ದರು. ಅವಳು ತಾನಾಗಿಯೇ ಹೇಳಿದಳು. ಮೊದಲು ನೀರು ಬಂದಾಗ ಹೊರಟುಬಿಡೋಣ ಅನ್ನಿಸಿತಂತೆ, ಆದರೆ ತಟ್ಟೆ ಇಳಿದಿರಲಿಲ್ಲವಲ್ಲ, ಹೆಜ್ಜೆ ಗುರುತು ಬಿದ್ದರೆ ನೀನು ಬಯ್ಯುತ್ತೀಯ ಎಂದು ಸುಮ್ಮನಾದಳಂತೆ. ಆಮೇಲೆ ಕಂಬವೂ ಕಾಣಲಿಲ್ಲ, ದಡವೂ ಕಾಣಲಿಲ್ಲ. ಎತ್ತ ಹೋಗಲಿ? ನಿಂತ ಜಾಗ ನಿನಗೆ ಗೊತ್ತಿದೆ, ಅಲ್ಲಿಗೇ ಬರುತ್ತೀಯ ಎಂದು ನಿಂತಳಂತೆ. ಸುಳ್ಳು ಯಾಕೆ, ತುಂಬಾ ಹೆದರಿಕೆಯಾಯ್ತು ಕಣೋ ಎಂದಳು.

ಮೇಷ್ಟ್ರು ಕಾಲು ತಿಕ್ಕುತ್ತಲೇ ಇದ್ದರು.

ಸ್ವಲ್ಪ ಹೊತ್ತಿಗೆ ನಡುಕ ಕಡಿಮೆಯಾಯಿತು. ಅಕ್ಕ ಕ್ಯಾಮರಾದ ಕಡೆ ಕೈ ತೋರಿಸಿ, ತೋರಿಸು ನೋಡೋಣ, ಹೇಗೆ ಬಂದಿದೆ ಎಂದಳು. ಪ್ರತಿ ಸಲವೂ ಕೇಳುವವಳೇ. ಬೇಡ ಎನ್ನಲಾಗಲಿಲ್ಲ. ಮೇಷ್ಟ್ರು ಗುಂಡಿ ಒತ್ತಿ ಅವಳ ಕೈಗೆ ಕೊಟ್ಟರು. ತೆರೆದುಕೊಂಡದ್ದು ಕೊನೆಯ ಚಿತ್ರ. ಮಂಜು ನುಂಗಿದ ಮೇಲೆ ಅಭ್ಯಾಸಬಲದಿಂದ ಒತ್ತಿದ್ದು. ಅಂಚಿನಿಂದ ಅಂಚಿಗೆ ಬರೀ ಬಿಳಿ.

ಅಕ್ಕ ಕನ್ನಡಕದ ಉಪ್ಪನ್ನು ಕಂಬಳಿಯಲ್ಲಿ ಒರೆಸಿಕೊಂಡು ಮತ್ತೆ ನೋಡಿದಳು. ಕ್ಯಾಮರಾವನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. ತನ್ನ ಕೆಂಪನ್ನು ಮೂರರಲ್ಲೊಂದು ಪಾಲಿನ ಆ ಗೆರೆಯ ಹತ್ತಿರ ಬೆರಳಿಟ್ಟು ಹುಡುಕಿದಳು. ಅವಳಿಗೂ ಆ ಗೆರೆ ಗೊತ್ತಿತ್ತು. ಮುಖ ಸಣ್ಣಗಾಯಿತು. ತಲೆ ಎತ್ತಿ ತಮ್ಮನನ್ನು ನೋಡಿದಳು, ಆವತ್ತು ಮರಳುಗಾಡಿನಲ್ಲಿ ಆರು ಜನರೆದುರು ನೋಡಿದ್ದಳಲ್ಲ, ಹಾಗೆ.

"ನಾನು ಅಲ್ಲೇ ಇದ್ದೆ ಕಣೋ ಪುಟ್ಟ. ಅಲ್ಲಾಡ್ಲೇ ಇಲ್ಲ."

ಗೊತ್ತು ಅಕ್ಕ, ಗೊತ್ತು ಎಂದು ಮೇಷ್ಟ್ರು ಅವಳ ಕಿವಿಗೆ ಬಾಯಿಟ್ಟು ಹೇಳಿದರು. ಅಳು ಬಂದು ಮಾತು ಒಡೆಯಿತು. ಅವಳಿಗೆ ಕೇಳಿಸಲಿಲ್ಲ. ಅವನು ನಂಬಲಿಲ್ಲವೇನೋ ಎಂದುಕೊಂಡು, ತೋಳು ಹಿಡಿದು ಇನ್ನೊಂದು ಸಲ ಹೇಳಿದಳು.